ಬೆಳಗ್ಗೆ ಶಾಂತಿದೂತ, ಸಂಜೆ ಅಣುಬಾಂಬ್: ಸಿವಿಲೈಸೇಶನ್ 6ರಲ್ಲಿ ಯಾವ ದಾರಿ ಹಿಡಿಯೋದು?

ಸಿವಿಲೈಸೇಶನ್ 6 ಅಂದರೆ ಒಂದು ದೇಶವನ್ನು ಯುಗದಿಂದ ಯುಗಕ್ಕೆ ಬೆಳೆಸುವ ಕಂಪ್ಯೂಟರ್ ಆಟ. ಅದರಲ್ಲಿ ಒಂದು ಸರದಿಗೆ ಟರ್ನ್, ಭೂಪಟದ ಒಂದು ಮನೆಗೆ ಟೈಲ್ ಅನ್ನುತ್ತಾರೆ. ಕೊನೆಯವರೆಗೂ ಶಾಂತವಾಗಿದ್ದು, ಆಮೇಲೆ ಅಣುಬಾಂಬ್ ಹಾಕಿ ಎಲ್ಲರ ರಾಜಧಾನಿ ಹಿಡಿಯುವುದು ಪ್ಲ್ಯಾನ್. ಮೊದಲ ಸಲ ಈ ಪ್ಲ್ಯಾನ್ ಹಾಕಿದಾಗ ನನ್ನ ಹತ್ತಿರ ಆರು ಬಾಂಬ್ ಇದ್ದವು. ಮುನ್ನೂರು ಚಿಲ್ಲರೆ ಟರ್ನ್ ಯಾರ ತಂಟೆಗೂ ಹೋಗದೆ ಲೈಬ್ರರಿ, ಯೂನಿವರ್ಸಿಟಿ ಅಂತ ಕಟ್ಟಿಕೊಂಡು ಬಂದಿದ್ದೆ. ಪಕ್ಕದವನ ರಾಜಧಾನಿ ಮೇಲೆ ಮೊದಲನೆಯದನ್ನು ಹಾಕಿದೆ. ಗೋಡೆ ಹೋಯಿತು, ಕಾವಲು ಹೋಯಿತು, ಅರ್ಧ ಜನ ಹೋದರು. ಆಮೇಲೆ ನೋಡಿದರೆ ಒಳಗೆ ನಡೆದುಹೋಗಲು ನನ್ನ ಒಬ್ಬ ಸೈನಿಕನೂ ಹತ್ತಿರದಲ್ಲಿಲ್ಲ. ಹತ್ತಿರದ ಪದಾತಿದಳ ಗಡಿಯಿಂದ ಐದು ಟೈಲ್ ಹಿಂದೆ, ಬೆಟ್ಟದ ಆಚೆ. ಅದು ಬರುವಷ್ಟರಲ್ಲಿ ನಗರ ಚೇತರಿಸಿಕೊಂಡು ಕೂತಿತ್ತು.

ಅವತ್ತು ಅರ್ಥವಾಗಿದ್ದು ಇಷ್ಟು. ಈ ಆಟದಲ್ಲಿ ಬಾಂಬ್ ಬಾಗಿಲು ಒಡೆಯುತ್ತದೆ, ಅಷ್ಟೇ. ಒಡೆದ ಬಾಗಿಲಿನಿಂದ ಅದೇ ಟರ್ನ್‌ನಲ್ಲಿ ಯಾರು ಒಳಗೆ ಹೋಗುತ್ತಾರೆ ಅನ್ನುವುದರ ಮೇಲೆ ಮಿಕ್ಕಿದ್ದೆಲ್ಲ ನಿಂತಿದೆ. ಎಷ್ಟು ನಗರ, ಯಾವ ನಾಯಕ, ಸಣ್ಣ ಬಾಂಬೋ ದೊಡ್ಡದೋ, ವಿಮಾನವೋ ಸೈಲೋವೋ (ಕ್ಷಿಪಣಿ ಹಾರಿಸುವ ನೆಲೆ), ಯಾರ ಜೊತೆ ಸ್ನೇಹ: ಈ ಎಲ್ಲ ಆಯ್ಕೆಗಳನ್ನೂ ನಾನು ಅದೇ ಒಂದು ಪ್ರಶ್ನೆಯಿಂದ ತೂಗುತ್ತೇನೆ. ಕೆಳಗಿನದು ಗ್ಯಾದರಿಂಗ್ ಸ್ಟಾರ್ಮ್ ಅನ್ನುವ ವಿಸ್ತರಣೆ ಹಾಕಿಕೊಂಡ ಸಿವಿಲೈಸೇಶನ್ 6ರ ಲೆಕ್ಕ, ಸ್ಟ್ಯಾಂಡರ್ಡ್ ವೇಗದಲ್ಲಿ.

ಅಣುಬಾಂಬೇ ಯಾಕೆ?

ಕತ್ತಿ, ಕವಣೆ ಹಿಡಿದು ಮೊದಲೇ ಗೆಲ್ಲಬಹುದಲ್ಲ ಅನ್ನುವವರಿಗೆ: ಹೌದು, ಗೆಲ್ಲಬಹುದು. ಮೊದಲ ನೂರು ಟರ್ನ್‌ನಲ್ಲಿ ಬಿಲ್ಲುಗಾರರು, ಕತ್ತಿಯಾಳುಗಳು ಮತ್ತು ಗೋಡೆ ಒಡೆಯುವ ಒಂದು ಬ್ಯಾಟರಿಂಗ್ ರ‍್ಯಾಮ್ ಇಟ್ಟುಕೊಂಡು ಪಕ್ಕದವನನ್ನು ಮುಗಿಸುವುದು ಇವತ್ತಿಗೂ ಅತ್ಯಂತ ಅಗ್ಗದ ದಾರಿ. ಆದರೆ ಆ ಕಿಟಕಿ ಮುಚ್ಚಿಕೊಳ್ಳುತ್ತದೆ. ಎದುರಾಳಿ ಸ್ಟೀಲ್ ತಂತ್ರಜ್ಞಾನ ಕಲಿತ ಕ್ಷಣ ಅವನ ಎಲ್ಲ ನಗರಗಳಿಗೂ ಪುಕ್ಕಟೆಯಾಗಿ 400 ಅಂಕದ ರಕ್ಷಣೆ ಬಂದುಬಿಡುತ್ತದೆ. ಅಲ್ಲಿಂದ ಮುಂದೆ ರ‍್ಯಾಮ್, ಸೀಜ್ ಟವರ್ ಎರಡೂ ಕೆಲಸಕ್ಕೆ ಬಾರವು. ಫಿರಂಗಿ, ಬಾಂಬರ್ ಇಟ್ಟುಕೊಂಡು ಒಂದೊಂದೇ ನಗರವನ್ನು ಕೊರೆಯಬೇಕು, ಟರ್ನ್ ಮೇಲೆ ಟರ್ನ್.

ಶಾಂತಿಯಿಂದ ಶುರುಮಾಡುವವನಿಗೆ ಹೀಗೆ ಮೊದಲ ಕಿಟಕಿ ಕೈತಪ್ಪಿರುತ್ತದೆ. ಎರಡನೆಯ ಕಿಟಕಿ ತೆರೆಯುವುದು ಅಣುಬಾಂಬಿಗೆ ದಾರಿ ಮಾಡುವ ತಂತ್ರಜ್ಞಾನವಾದ ನ್ಯೂಕ್ಲಿಯರ್ ಫಿಷನ್‌ನಲ್ಲಿ. ನಡುವಿನ ಅವಧಿಯಲ್ಲಿ ಯುದ್ಧಕ್ಕೆ ಹೋಗುವುದು ನನ್ನ ಪ್ರಕಾರ ಕೆಟ್ಟ ವ್ಯಾಪಾರ. ಯುದ್ಧಕಾಲೇ ಶಸ್ತ್ರಾಭ್ಯಾಸ ಅಂತ ಹೇಳುತ್ತಾರಲ್ಲ, ಅದು ಇಲ್ಲಿ ನಡೆಯುವುದಿಲ್ಲ. ಅಭ್ಯಾಸವೆಲ್ಲ ಶಾಂತಿಯಲ್ಲೇ ಮುಗಿದಿರಬೇಕು.

ನಾಲ್ಕು ನಗರವೋ, ಹನ್ನೆರಡೋ?

ಸಿವಿಲೈಸೇಶನ್ 5 ಆಡಿ ಬಂದವರಿಗೆ ನಾಲ್ಕೇ ನಗರದ ಅಭ್ಯಾಸ ಇರುತ್ತದೆ. ಅಲ್ಲಿ ಅದಕ್ಕೆ ಕಾರಣವೂ ಇತ್ತು. ಸ್ಟ್ಯಾಂಡರ್ಡ್ ಮ್ಯಾಪಿನಲ್ಲಿ ಪ್ರತಿ ಹೊಸ ನಗರಕ್ಕೆ ತಂತ್ರಜ್ಞಾನದ ಬೆಲೆ ಶೇಕಡಾ 5ರಷ್ಟು ಏರುತ್ತಿತ್ತು, ಜನರ ಸಂತೋಷವೂ ಕುಸಿಯುತ್ತಿತ್ತು. ಟ್ರೆಡಿಷನ್ ನೀತಿಯ ಪುಕ್ಕಟೆ ಕಟ್ಟಡಗಳೂ ಮೊದಲ ನಾಲ್ಕು ನಗರಗಳಿಗೇ ಸೀಮಿತ. ಹಾಗಾಗಿ ನಾಲ್ಕು ದೊಡ್ಡ ನಗರ, ನ್ಯಾಷನಲ್ ಕಾಲೇಜು, ಕೊನೆಗೆ ಕ್ಷಿಪಣಿ ಅನ್ನುವುದು ಅಲ್ಲಿ ಹದವಾದ ಯೋಜನೆ.

6ರಲ್ಲಿ ಆ ದಂಡವೇ ಇಲ್ಲ. ಇಲ್ಲಿ ನಗರದ ಸುತ್ತ ಒಂದೊಂದು ಕೆಲಸಕ್ಕೆ ಒಂದೊಂದು ಬಡಾವಣೆ ಕಟ್ಟಬೇಕು, ಅದೇ ಡಿಸ್ಟ್ರಿಕ್ಟ್: ವಿಜ್ಞಾನಕ್ಕೆ ಕ್ಯಾಂಪಸ್, ವ್ಯಾಪಾರಕ್ಕೆ ಕಮರ್ಷಿಯಲ್ ಹಬ್, ಸೈನ್ಯಕ್ಕೆ ಎನ್‌ಕ್ಯಾಂಪ್‌ಮೆಂಟ್. ಡಿಸ್ಟ್ರಿಕ್ಟ್‌ಗಳ ಬೆಲೆ ನೀವು ಎಷ್ಟು ಮುಂದುವರಿದಿದ್ದೀರಿ ಅನ್ನುವುದರ ಮೇಲೆ ಏರುತ್ತದೆ, ಎಷ್ಟು ನಗರ ಇದೆ ಅನ್ನುವುದರ ಮೇಲಲ್ಲ. ಹಾಗಾಗಿ ಇಲ್ಲಿ ನಾಲ್ಕು ನಗರ ಅಂದರೆ ನಾಲ್ಕೇ ಕ್ಯಾಂಪಸ್. ಹನ್ನೆರಡು ನಗರ ಅಂದರೆ ಹನ್ನೆರಡು. ಎರಡು ನಗರ ಕೇಂದ್ರಗಳ ನಡುವೆ ಮೂರು ಟೈಲ್ ಬಿಟ್ಟರೆ ಸಾಕು, ಒತ್ತೊತ್ತಾಗಿ ಕಟ್ಟಿ. ಅರ್ಲಿ ಎಂಪೈರ್ ಸಿವಿಕ್ (ಸಂಸ್ಕೃತಿಯಿಂದ ಕಲಿಯುವ ಹೆಜ್ಜೆ) ಆದ ಕೂಡಲೇ ಕಾಲನೈಸೇಶನ್ ಅನ್ನುವ ನೀತಿ ಕಾರ್ಡ್ ಹಾಕಿ, ಹೊಸ ನಗರ ಕಟ್ಟುವ ಸೆಟ್ಲರ್‌ಗಳ ಉತ್ಪಾದನೆ ಶೇಕಡಾ 50 ವೇಗ ಪಡೆಯುತ್ತದೆ. ಮೊದಲ ಸ್ವರ್ಣಯುಗ ಸಿಕ್ಕಿದರೆ ಮಾನ್ಯುಮೆಂಟಾಲಿಟಿ ಆರಿಸಿ, ಶ್ರದ್ಧೆಯ ಅಂಕ ಕೊಟ್ಟೇ ಸೆಟ್ಲರ್ ಕೊಳ್ಳಬಹುದು.

ನಾಲ್ಕು ನಗರದ ಪರವಾಗಿ ಒಂದು ಮಾತು ಹೇಳಬಹುದು. ರ‍್ಯಾಷನಲಿಸಂ ಕಾರ್ಡ್ ದೊಡ್ಡ ನಗರಗಳನ್ನೇ ಮೆಚ್ಚುತ್ತದೆ: ಜನಸಂಖ್ಯೆ 15 ಮುಟ್ಟಿದರೆ ಕ್ಯಾಂಪಸ್ ಕಟ್ಟಡಗಳಿಂದ ಶೇಕಡಾ 50 ಹೆಚ್ಚು ವಿಜ್ಞಾನ, ಕ್ಯಾಂಪಸ್ಸಿನ ನೆರೆಬೋನಸ್ (ಪಕ್ಕದ ಟೈಲ್‌ಗಳಿಂದ ಸಿಗುವ ಲಾಭ) 4 ಇದ್ದರೆ ಇನ್ನೊಂದು 50. ಆದರೆ ಆ ಎರಡನೆಯ ಷರತ್ತನ್ನು ಸಣ್ಣ ನಗರವೂ ಪೂರೈಸಬಹುದು. ಬೆಟ್ಟಸಾಲಿನ ಮೂಲೆ, ಭೂಶಾಖದ ಬಿರುಕು, ಹವಳದ ದಿಬ್ಬ ಇವುಗಳ ಪಕ್ಕ ಕ್ಯಾಂಪಸ್ ಹಾಕಿದರೆ ಸಾಕು. ಬಿರುಕು, ಹವಳ ಎರಡೂ ತಲಾ 2 ಕೊಡುತ್ತವೆ.

ಹನ್ನೆರಡು ನಗರದ ಇನ್ನೊಂದು ಲಾಭವನ್ನು ಯಾರೂ ಹೇಳುವುದಿಲ್ಲ. ಯುರೇನಿಯಂ ಭೂಪಟದಲ್ಲಿ ಕಾಣಿಸುವುದು ಕಂಬೈನ್ಡ್ ಆರ್ಮ್ಸ್ ಕಲಿತ ಮೇಲೆ, ಅಂದರೆ ಆಟಂ ಯುಗದಲ್ಲಿ. ಮೊದಲ ಟರ್ನ್‌ನಲ್ಲಿ ಎಲ್ಲಿ ಇದೆ ಅಂತ ಗೊತ್ತಾಗುವುದಿಲ್ಲ. ಹೆಚ್ಚು ನೆಲ ಹಿಡಿದವನಿಗೆ ಹೆಚ್ಚು ಲಾಟರಿ ಟಿಕೆಟ್. ನಾಲ್ಕು ನಗರ ಕಟ್ಟಿಕೊಂಡು ಕೂತು, ಆಟಂ ಯುಗದಲ್ಲಿ ಒಂದೂ ಯುರೇನಿಯಂ ಇಲ್ಲ ಅಂತ ತಿಳಿದು ತಲೆ ಮೇಲೆ ಕೈ ಹೊತ್ತ ಅನುಭವ ನನಗೆ ಒಂದಲ್ಲ, ಎರಡು ಸಲ ಆಗಿದೆ.

ಯಾವ ನಾಯಕ?

ಎಲ್ಲರೂ ಮೊದಲು ಹೇಳುವ ಹೆಸರು ಕೊರಿಯಾದ ಸಿಯೊಂಡಿಯೊಕ್. ಸಿಯೊವೊನ್ ಅನ್ನುವ ಅವಳ ವಿಶೇಷ ಕ್ಯಾಂಪಸ್ ಅರ್ಧ ಬೆಲೆಗೆ ಬರುತ್ತದೆ, ಗುಡ್ಡದ ಮೇಲೆ ಕಟ್ಟಬೇಕು, ಹುಟ್ಟುತ್ತಲೇ 4 ವಿಜ್ಞಾನ ಕೊಡುತ್ತದೆ. ಪಕ್ಕದ ಗಣಿಗಳೂ ತಲಾ 1 ಸೇರಿಸುತ್ತವೆ. ಗವರ್ನರ್ ಇರುವ ನಗರಕ್ಕೆ ಅವನ ಪ್ರತಿ ಬಡ್ತಿಗೂ ಶೇಕಡಾ 3 ವಿಜ್ಞಾನ, ಸಂಸ್ಕೃತಿ. ಫಿಷನ್ ಮುಟ್ಟುವ ಓಟದಲ್ಲಿ ಇವಳನ್ನು ಹಿಂದೆ ಹಾಕುವುದು ಕಷ್ಟ.

ಆದರೂ ಈ ಯೋಜನೆಗೆ ನಾನು ಕೊರಿಯಾವನ್ನು ಮೊದಲ ಸ್ಥಾನಕ್ಕೆ ಇಡುವುದಿಲ್ಲ. ಫಿಷನ್ ಮುಟ್ಟಿದ ಮೇಲೆ ಮ್ಯಾನ್‌ಹಟನ್ ಪ್ರಾಜೆಕ್ಟ್ ಆಗಬೇಕು, ಆಮೇಲೆ ಪ್ರತಿ ಬಾಂಬೂ ಒಂದೊಂದು ಪ್ರಾಜೆಕ್ಟ್, ಜೊತೆಗೆ ಟ್ಯಾಂಕು, ಬಾಂಬರ್. ಇದೆಲ್ಲ ವಿಜ್ಞಾನದಿಂದಲ್ಲ, ಉತ್ಪಾದನೆಯಿಂದ ಆಗುವ ಕೆಲಸ. ಹತ್ತು ಟರ್ನ್ ಮೊದಲೇ ಫಿಷನ್ ಕಲಿತು, ಇಪ್ಪತ್ತು ಟರ್ನ್ ಬಾಂಬ್ ಕಟ್ಟುತ್ತಾ ಕೂತರೆ ಏನು ಬಂತು?

ಹಾಗಾಗಿ ಜರ್ಮನಿಯ ಫ್ರೆಡ್ರಿಕ್. ಅವನ ಪ್ರತಿ ನಗರವೂ ಜನಸಂಖ್ಯೆ ಅನುಮತಿಸುವುದಕ್ಕಿಂತ ಒಂದು ಡಿಸ್ಟ್ರಿಕ್ಟ್ ಹೆಚ್ಚು ಕಟ್ಟಬಹುದು. ಅಂದರೆ ಸಣ್ಣ ನಗರದಲ್ಲೂ ಕ್ಯಾಂಪಸ್, ಹಾನ್ಸಾ (ಜರ್ಮನಿಯ ವಿಶೇಷ ಕೈಗಾರಿಕಾ ಡಿಸ್ಟ್ರಿಕ್ಟ್) ಎರಡೂ. ಕಮರ್ಷಿಯಲ್ ಹಬ್‌ಗಳ ನಡುವೆ ಹಾನ್ಸಾಗಳನ್ನು ಹೆಣೆದು ಕೂರಿಸಿದರೆ ಉತ್ಪಾದನೆ ಉಕ್ಕುತ್ತದೆ, ಚಿನ್ನವೂ ಬರುತ್ತದೆ. ಚಿನ್ನ ಯಾಕೆ ಮುಖ್ಯ ಅಂತ ಮುಂದೆ ಹೇಳುತ್ತೇನೆ. ವಿಜ್ಞಾನದಲ್ಲಿ ಕೊರಿಯಾಗಿಂತ ಹಿಂದೆ, ಆದರೆ ಬಾಗಿಲು ಒಡೆದ ದಿನ ಒಳಗೆ ಹೋಗಲು ಸೈನ್ಯ ಇರುತ್ತದೆ.

ಆಸ್ಟ್ರೇಲಿಯಾದ ಜಾನ್ ಕರ್ಟಿನ್ ಬೇರೆ ತರಹ. ಯಾರಾದರೂ ಅವನ ಮೇಲೆ ಯುದ್ಧ ಸಾರಿದರೆ ಹತ್ತು ಟರ್ನ್ ಅವನ ಉತ್ಪಾದನೆ ದುಪ್ಪಟ್ಟು. ಶಾಂತವಾಗಿ ಕೂತವನನ್ನು ಕೆಣಕಿದವನೇ ಅವನ ಬಾಂಬಿಗೆ ದುಡ್ಡು ಕೊಟ್ಟಂತೆ. ಸುಂದರ ಟೈಲ್‌ಗಳಲ್ಲಿ ಕ್ಯಾಂಪಸ್ಸಿಗೆ 3ರವರೆಗೆ ಬೋನಸ್ ಕೂಡ ಇದೆ. ಜಗಳಗಂಟ ನೆರೆಹೊರೆ ಸಿಕ್ಕಿದರೆ ಇವನು ಜರ್ಮನಿಗಿಂತ ಮೇಲು. ಎಲ್ಲರೂ ಸಾಧುಗಳಾಗಿದ್ದರೆ ಆ ಗುಣ ವ್ಯರ್ಥ.

ಕೆನಡಾದ ವಿಲ್ಫ್ರಿಡ್ ಲೋರಿಯೇ ಶಾಂತಿ ಭಾಗಕ್ಕೆ ಹೇಳಿ ಮಾಡಿಸಿದ ಹಾಗೆ ಕಾಣುತ್ತಾನೆ. ಅವನ ಮೇಲೆ ಯಾರೂ ದಿಢೀರ್ ಯುದ್ಧ ಸಾರುವಂತಿಲ್ಲ. ಅವನೂ ಸಾರುವಂತಿಲ್ಲ. ಮೊದಲು ಖಂಡಿಸಿ, ಐದು ಟರ್ನ್ ಕಾದು, ಔಪಚಾರಿಕ ಯುದ್ಧಕ್ಕೇ ಹೋಗಬೇಕು. ಇದು ಕೊರತೆಯಂತೆ ಕಂಡರೂ ನಮ್ಮ ಯೋಜನೆಗೆ ಅಷ್ಟೇನೂ ತೊಂದರೆಯಿಲ್ಲ, ಯಾಕೆಂದರೆ ಹೇಗೂ ಔಪಚಾರಿಕ ಯುದ್ಧವೇ ಒಳ್ಳೆಯದು. ಹೊಸಬರು ಮೊದಲ ಸಲ ಪ್ರಯತ್ನಿಸುವುದಾದರೆ ನಾನು ಕೆನಡಾವನ್ನೇ ಹೇಳುತ್ತೇನೆ, ಗೆಲುವು ನಿಧಾನವಾದರೂ ಎದೆ ಹೊಡೆದುಕೊಳ್ಳುವುದು ಕಡಿಮೆ.

2020ರ ನವೆಂಬರ್‌ನಲ್ಲಿ ಬಂದ ಬ್ಯಾಬಿಲೋನಿನ ಹಮ್ಮುರಾಬಿ ಪಕ್ಕಾ ಜೂಜುಕೋರ. ಬೇರೆಯವರಿಗೆ ಯುರೇಕಾ (ಒಂದು ಸಣ್ಣ ಗುರಿ ಮುಟ್ಟಿದಾಗ ಸಿಗುವ ಬಹುಮಾನ) ಅಂದರೆ ತಂತ್ರಜ್ಞಾನದ ಶೇಕಡಾ 40. ಅವನಿಗೆ ಪೂರ್ತಿ ತಂತ್ರಜ್ಞಾನವೇ. ಬದಲಿಗೆ ಪ್ರತಿ ಟರ್ನಿನ ವಿಜ್ಞಾನ ಅರ್ಧ. ಯುರೇಕಾಗಳ ಪಟ್ಟಿ ಬಾಯಿಪಾಠ ಇದ್ದವರ ಕೈಯಲ್ಲಿ ಅವನು ಭಯಂಕರ. ಇಲ್ಲದವರ ಕೈಯಲ್ಲಿ ಅವನದು ಬರೀ ಅರ್ಧ ವಿಜ್ಞಾನದ ದೇಶ.

ಗಾಂಧಿ ಬಗ್ಗೆ ಒಂದು ಮಾತು ಹೇಳದಿದ್ದರೆ ಯಾರಾದರೂ ಕೇಳೇ ಕೇಳುತ್ತಾರೆ. 1991ರ ಮೊದಲ ಆಟದಲ್ಲಿ ಗಾಂಧಿಯ ಆಕ್ರಮಣಶೀಲತೆಯ ಅಂಕಿ 1 ಇದ್ದು, ಪ್ರಜಾಪ್ರಭುತ್ವ ಬಂದಾಗ 2 ಕಳೆದು, ಸೊನ್ನೆಗಿಂತ ಕೆಳಗೆ ಹೋಗಲಾರದೆ ಅದು 255ಕ್ಕೆ ಉರುಳಿ ಅವರು ಬಾಂಬ್ ಎಸೆಯಲು ಶುರುಮಾಡುತ್ತಿದ್ದರು ಅನ್ನುವ ಕಥೆ ಎಲ್ಲ ಕಡೆ ಓಡಾಡುತ್ತದೆ. ಅದು ಸುಳ್ಳು ಅಂತ ಆಟದ ಸೃಷ್ಟಿಕರ್ತ ಸಿಡ್ ಮೈಯರ್ ಅವರೇ 2020ರಲ್ಲಿ ಹೇಳಿದರು. ಕಥೆಯನ್ನು ನಿಜ ಮಾಡಿದ್ದು 2010ರ ಐದನೇ ಭಾಗ. ಅಲ್ಲಿ ಬೇಕೆಂದೇ, ತಮಾಷೆಗೆ, ಗಾಂಧಿಯ ಅಣುಬಾಂಬ್ ಒಲವನ್ನು 12ಕ್ಕೆ ಇಟ್ಟರು, ಮಾಮೂಲಿ ಅಳತೆಯೇ 10ಕ್ಕೆ ಮುಗಿಯುತ್ತದೆ. 6ರಲ್ಲೂ ಅವರಿಗೆ ಬಾಂಬ್ ಪ್ರಿಯತೆಯ ಗುಪ್ತ ಅಜೆಂಡಾ ಬರುವ ಸಾಧ್ಯತೆ ಬೇರೆಯವರಿಗಿಂತ ಹೆಚ್ಚು. ಗಾಂಧಿಯಾಗಿ ಆಡುವುದರಲ್ಲಿ ಈ ಯೋಜನೆಗೆ ದೊಡ್ಡ ಲಾಭವಿಲ್ಲ. ಅವರು ಎದುರಾಳಿಯಾಗಿದ್ದರೆ ಅವರ ಯುರೇನಿಯಂ ಮೇಲೆ ಒಂದು ಕಣ್ಣಿಡಿ.

ಎಲ್ಲರ ಜೊತೆ ಸ್ನೇಹವೋ, ಕೆಲವರ ಜೊತೆಯೋ?

ಸಿಕ್ಕವರನ್ನೆಲ್ಲ ಸ್ನೇಹಿತರನ್ನಾಗಿ ಮಾಡಿಕೊಳ್ಳಿ ಅಂತ ಹೆಚ್ಚಿನ ಸಲಹೆಗಾರರು ಹೇಳುತ್ತಾರೆ. ಮೊದಲ ಇನ್ನೂರು ಟರ್ನಿಗೆ ಅದು ಸರಿ. ಭೇಟಿಯಾದ ತಕ್ಷಣ ದೂತರನ್ನು ಕಳಿಸಿ, ವ್ಯಾಪಾರ ಮಾರ್ಗ ಹಾಕಿ, ಮುಖ ಹಸಿರಾದ ಕೂಡಲೇ ಸ್ನೇಹ ಘೋಷಿಸಿ. ಘೋಷಿತ ಸ್ನೇಹವಿರುವ 30 ಟರ್ನ್ ಇಬ್ಬರೂ ಒಬ್ಬರ ಮೇಲೊಬ್ಬರು ಯುದ್ಧ ಸಾರುವಂತಿಲ್ಲ. ಅತಿ ಕಠಿಣವಾದ ಡೀಟಿ ಮಟ್ಟದಲ್ಲಿ ಎದುರಾಳಿಗಳು ಮೂರು ಸೆಟ್ಲರ್ ಇಟ್ಟುಕೊಂಡು ಶುರುಮಾಡುತ್ತಾರೆ, ಅವರ ಸೈನ್ಯಕ್ಕೆ ಬೋನಸ್ ಬೇರೆ. ಅಲ್ಲಿ ಈ 30 ಟರ್ನ್‌ಗಳಷ್ಟು ಗಟ್ಟಿ ಗೋಡೆ ಇನ್ನೊಂದಿಲ್ಲ.

ಆದರೆ ಆ ಗೋಡೆ ಎರಡೂ ಕಡೆಗೆ. ಫಿಷನ್ ಕೈಗೆ ಬಂದ ದಿನ ಏಳು ಎದುರಾಳಿಗಳಲ್ಲಿ ಐವರು ಘೋಷಿತ ಸ್ನೇಹಿತರಾಗಿದ್ದರೆ ನಿಮ್ಮ ಬಾಂಬ್ ಗೂಡಿನಲ್ಲೇ ಕೂತಿರುತ್ತದೆ. ಸ್ನೇಹ ಮುಗಿದ ಮರುಕ್ಷಣ ಹೊಡೆದರೆ ದ್ರೋಹದ ಎಮರ್ಜೆನ್ಸಿ ಬರಬಹುದು, ಮಿಕ್ಕವರೆಲ್ಲ ಒಟ್ಟಾಗಿ ತಿರುಗಿಬೀಳುತ್ತಾರೆ. ಹಾಗಾಗಿ ನಾನು ಮಾಡುವುದು ಹೀಗೆ. ಆಟಂ ಯುಗಕ್ಕೆ ಕಾಲಿಡುವಾಗಲೇ ಮೊದಲು ಹೊಡೆಯಬೇಕಾದ ಇಬ್ಬರ ಸ್ನೇಹವನ್ನು ನವೀಕರಿಸದೆ ಬಿಡುತ್ತೇನೆ. ಮಿಕ್ಕವರ ಜೊತೆ ಸ್ನೇಹ ಮುಂದುವರಿಯಲಿ, ಬೆನ್ನು ಕಾಯುತ್ತದೆ. ಅವರ ಸರದಿ ಬರುವಾಗ ಅವರದೂ ಒಂದೊಂದಾಗಿ ಮುಗಿಯುವಂತೆ ದಿನಾಂಕ ಹೊಂದಿಸಿರುತ್ತೇನೆ. ಪಕ್ಕದಲ್ಲಿ ಒಂದು ಚೀಟಿ, ಅದರಲ್ಲಿ ಹೆಸರು ಮತ್ತು ಸ್ನೇಹ ಮುಗಿಯುವ ಟರ್ನ್. ಅತಿಯಾಯಿತು ಅನ್ನಿಸಬಹುದು, ಆದರೆ ಆಟದ ಅತ್ಯಂತ ಉಪಯುಕ್ತ ಸಾಧನ ಆ ಚೀಟಿ.

ಯಾರನ್ನು ಮೊದಲು? ಹತ್ತಿರದವನನ್ನೋ, ದುರ್ಬಲನನ್ನೋ ಅಲ್ಲ. ಯುರೇನಿಯಂ ಇರುವ, ವಿಜ್ಞಾನದಲ್ಲಿ ನಿಮ್ಮ ಬೆನ್ನ ಹಿಂದೇ ಇರುವವನನ್ನು. ನೀವು ಒಂದು ಬಾಂಬ್ ಹಾಕಿದ ಮೇಲೆ ಜಗತ್ತು ನಿಮ್ಮನ್ನು ನೋಡುವ ರೀತಿ ಬದಲಾಗುತ್ತದೆ, ಅಣುದಾಳಿಗೆ ಅಂತಲೇ ಪ್ರತ್ಯೇಕ ಎಮರ್ಜೆನ್ಸಿ ಇದೆ. ತಿರುಗಿ ಬಾಂಬ್ ಹಾಕಬಲ್ಲವನು ಆಗ ಇರಬಾರದು. ಅವನ ಯುರೇನಿಯಂ ಅನ್ನು ಶಾಂತಿ ಇರುವಾಗಲೇ ವ್ಯಾಪಾರದಲ್ಲಿ ಕೊಳ್ಳುವುದು ಇನ್ನೂ ಒಳ್ಳೆಯದು. ನಿಮ್ಮ ಗೋದಾಮು ತುಂಬುತ್ತದೆ, ಅವನದು ಖಾಲಿಯಾಗುತ್ತದೆ. ಇಡೀ ಯೋಜನೆಯಲ್ಲಿ ನನಗೆ ಅತ್ಯಂತ ಖುಷಿ ಕೊಡುವ ವ್ಯವಹಾರ ಇದು, ಸ್ವಲ್ಪ ನಾಚಿಕೆಯಿಂದಲೇ ಹೇಳುತ್ತೇನೆ.

ದಿಢೀರ್ ಯುದ್ಧಕ್ಕೂ ಔಪಚಾರಿಕ ಯುದ್ಧಕ್ಕೂ ವ್ಯತ್ಯಾಸ ಇಷ್ಟೇ: ಮೊದಲನೆಯದು ನಿಮ್ಮ ಮೇಲೆ 150 ದೂರುಗಳನ್ನು (ಕೆಟ್ಟ ಹೆಸರಿನ ಅಂಕ) ಹುಟ್ಟಿಸುತ್ತದೆ, ಎರಡನೆಯದು 100. ಐದು ಟರ್ನ್ ಮೊದಲು ಖಂಡಿಸುವುದರಿಂದ ಎದುರಾಳಿ ಎಚ್ಚೆತ್ತುಕೊಳ್ಳುತ್ತಾನೆ ಅನ್ನುವ ಭಯ ಬೇಡ, ಕಂಪ್ಯೂಟರ್ ಆಟಗಾರರು ಖಂಡನೆ ಕೇಳಿ ಕೇಳಿ ಮರಗಟ್ಟಿರುತ್ತಾರೆ. ಮನುಷ್ಯರ ಜೊತೆ ಆಡುವಾಗ ಮಾತ್ರ ಈ ಲೆಕ್ಕ ತಲೆಕೆಳಗು. ಓಪನ್ ಬಾರ್ಡರ್ಸ್ ಪಡೆದು ಅವನ ರಾಜಧಾನಿ ಸುತ್ತ ಟ್ಯಾಂಕ್ ನಿಲ್ಲಿಸುವ ಉಪಾಯವೂ ನಡೆಯದು, ಯುದ್ಧ ಸಾರಿದ ಕೂಡಲೇ ಅವನ್ನು ಗಡಿಯಾಚೆ ಎಸೆಯಲಾಗುತ್ತದೆ.

ಸಣ್ಣ ಬಾಂಬೋ, ದೊಡ್ಡ ಬಾಂಬೋ?

ಇಲ್ಲಿ ಅಂಕಿಗಳನ್ನೇ ನೋಡೋಣ. ಸಣ್ಣದರ ಹೆಸರು ನ್ಯೂಕ್ಲಿಯರ್ ಡಿವೈಸ್, ದೊಡ್ಡದರದು ಥರ್ಮೋನ್ಯೂಕ್ಲಿಯರ್ ಡಿವೈಸ್. ನ್ಯೂಕ್ಲಿಯರ್ ಡಿವೈಸ್‌ಗೆ 10 ಯುರೇನಿಯಂ, ಸ್ಫೋಟದ ವ್ಯಾಪ್ತಿ ಸುತ್ತ 1 ಟೈಲ್, ವಿಕಿರಣ 10 ಟರ್ನ್, ಇಟ್ಟುಕೊಳ್ಳುವ ಖರ್ಚು ಟರ್ನಿಗೆ 14 ಚಿನ್ನ. ಥರ್ಮೋನ್ಯೂಕ್ಲಿಯರ್ ಡಿವೈಸ್‌ಗೆ 20 ಯುರೇನಿಯಂ, ವ್ಯಾಪ್ತಿ 2 ಟೈಲ್, ವಿಕಿರಣ 20 ಟರ್ನ್, ಖರ್ಚು 16. ದೊಡ್ಡದಕ್ಕೆ ನ್ಯೂಕ್ಲಿಯರ್ ಫ್ಯೂಷನ್ ಕಲಿತು ಆಪರೇಷನ್ ಐವಿ ಪ್ರಾಜೆಕ್ಟ್ ಬೇರೆ ಮುಗಿಸಬೇಕು, ಅದು ಮಾಹಿತಿ ಯುಗದ ಮಾತು.

ಗೋದಾಮಿನ ಮಿತಿ ಮೊದಲಿಗೆ 50. ಎನ್‌ಕ್ಯಾಂಪ್‌ಮೆಂಟಿನ ಕಟ್ಟಡಗಳು ಒಂದೊಂದಕ್ಕೂ 10 ಏರಿಸುತ್ತವೆ. ಏನೂ ಏರಿಸದಿದ್ದರೆ ತುಂಬಿದ ಗೋದಾಮಿನಿಂದ ಸಣ್ಣವು ಐದು ಬರುತ್ತವೆ, ದೊಡ್ಡವು ಎರಡು ಮತ್ತು ಮಿಕ್ಕ 10. ಸ್ಟ್ಯಾಂಡರ್ಡ್ ಮ್ಯಾಪಿನಲ್ಲಿ ಎಂಟು ದೇಶ, ಅಂದರೆ ಬೇರೆಯವರ ರಾಜಧಾನಿಗಳು ಏಳು. ಏಳಕ್ಕೂ ಒಂದೊಂದು ಸಣ್ಣ ಬಾಂಬ್ ಅಂದರೂ 70 ಯುರೇನಿಯಂ, ದೊಡ್ಡದಾದರೆ 140. ಯುರೇನಿಯಂ ಕೂಡುತ್ತಾ ಹೋದಂತೆ ಬಾಂಬ್ ಮಾಡಿಟ್ಟರೆ ಗೋದಾಮಿನ ತಲೆನೋವು ಇಲ್ಲ, ಆದರೆ ಏಳು ಸಣ್ಣ ಬಾಂಬ್ ಸುಮ್ಮನೆ ಕೂತಿದ್ದರೂ ಟರ್ನಿಗೆ 98 ಚಿನ್ನ ನುಂಗುತ್ತವೆ. ಜರ್ಮನಿಯ ಕಮರ್ಷಿಯಲ್ ಹಬ್ ನೆನಪಿಗೆ ಬಂತಲ್ಲ? ಇದಕ್ಕೇ. ಎಷ್ಟೋ ಜನ ಬಾಂಬ್ ಕೂಡಿಹಾಕಿ, ಖಜಾನೆ ಬರಿದಾಗಿ, ಸೈನ್ಯ ಕರಗಿಸುತ್ತಾರೆ. ನ್ಯೂಕ್ಲಿಯರ್ ವಿದ್ಯುತ್ ಸ್ಥಾವರವನ್ನೂ ಈ ಹೊತ್ತಿನಲ್ಲಿ ಕಟ್ಟಬೇಡಿ, ಅದೂ ಇದೇ ಯುರೇನಿಯಂ ತಿನ್ನುತ್ತದೆ.

ಆದರೆ ಬೆಲೆಗಿಂತ ದೊಡ್ಡ ವ್ಯತ್ಯಾಸ ದೂರದ್ದು. ಸಣ್ಣ ಬಾಂಬ್ ನಗರದ ನಡುವೆ ಬಿದ್ದರೆ ಸುತ್ತಲಿನ ಒಂದು ಸಾಲು ಸುಡುತ್ತದೆ. ನಿಮ್ಮ ಸೈನಿಕರು ಎರಡು ಟೈಲ್ ದೂರದಲ್ಲಿ ಕ್ಷೇಮ. ದೊಡ್ಡದು ಬಿದ್ದರೆ ಎರಡು ಸಾಲು. ನಿಮ್ಮವರು ಮೂರು ಟೈಲ್ ದೂರ ನಿಲ್ಲಬೇಕು. ಈಗ ನಡಿಗೆ ಲೆಕ್ಕಹಾಕಿ. ಪದಾತಿಯ ನಡಿಗೆ 2, ಯಾಂತ್ರೀಕೃತ ಪದಾತಿಯದು 3, ಟ್ಯಾಂಕ್, ಮಾಡರ್ನ್ ಆರ್ಮರ್, ಹೆಲಿಕಾಪ್ಟರ್‌ಗಳದು 4. ಸಣ್ಣ ಬಾಂಬ್ ಆದರೆ ಬಯಲಿನಲ್ಲಿ ಸಾಮಾನ್ಯ ಪದಾತಿಗೂ ಅದೇ ಟರ್ನ್‌ನಲ್ಲಿ ಕೈ ಹಾಕುವ ಅವಕಾಶ ಇದೆ. ದೊಡ್ಡ ಬಾಂಬಿಗೆ ಯಾಂತ್ರೀಕೃತ ಪದಾತಿಯಾದರೂ ಬೇಕು, ಟ್ಯಾಂಕ್ ಇದ್ದರೆ ನಿಶ್ಚಿಂತೆ. ನಡುವೆ ನದಿ, ಗುಡ್ಡ ಇದ್ದರೆ ಹೇಗೂ ಟ್ಯಾಂಕೇ. ಅದಲ್ಲದೆ ಟ್ಯಾಂಕ್, ಹೆಲಿಕಾಪ್ಟರ್ ಅಶ್ವದಳದ ವಂಶದವು, ನಗರದ ಸುತ್ತಲಿನ ತಡೆವಲಯವನ್ನು (ಬೇರೆ ಸೈನಿಕರ ನಡಿಗೆ ಅಲ್ಲೇ ನಿಲ್ಲುತ್ತದೆ) ಲೆಕ್ಕಿಸುವುದಿಲ್ಲ.

ಇನ್ನೊಂದು ವಿಷಯ: ವಿಕಿರಣದ ಟೈಲ್ ಮೇಲೆ ಟರ್ನ್ ಮುಗಿಸಿದ ಯೂನಿಟ್‌ಗೆ 50 ಪೆಟ್ಟು, ಯೂನಿಟ್‌ನ ಪ್ರಾಣ 100. ಒಂದು ರಾತ್ರಿ ತಡೆಯುತ್ತದೆ, ಎರಡನೇ ರಾತ್ರಿ ಸಾಯುತ್ತದೆ. ಪೂರ್ಣ ಪ್ರಾಣದ ಟ್ಯಾಂಕನ್ನೇ ಕಳಿಸಿ, ಒಳಹೊಕ್ಕ ಮೇಲೆ ಅದರ ಕಡೆ ಗಮನ ಇರಲಿ. ಹತ್ತು ಟರ್ನ್ ವಿಕಿರಣಕ್ಕೂ ಇಪ್ಪತ್ತು ಟರ್ನ್ ವಿಕಿರಣಕ್ಕೂ ಇಲ್ಲಿ ಅಜಗಜಾಂತರ.

ಹಾಗಾಗಿ ನನ್ನ ಮತ ಸಣ್ಣದಕ್ಕೆ. ದೊಡ್ಡದನ್ನು ಕಾಯುತ್ತಾ ಕೂತರೆ ಅಷ್ಟು ವಿಜ್ಞಾನ ಇರುವವನು ಬಾಹ್ಯಾಕಾಶ ಗೆಲುವನ್ನೇ ಮುಗಿಸಿಬಿಡಬಹುದು. ಸೈನ್ಯವೆಲ್ಲ ಒಂದೇ ಕಡೆ ದಟ್ಟವಾಗಿ ನಿಂತ ಎದುರಾಳಿ ಇದ್ದರೆ ಮಾತ್ರ ಒಂದು ದೊಡ್ಡದು ಲಾಭ. ಎರಡು ಸಾಲಿನ ಟೈಲ್‌ಗಳು ಒಮ್ಮೆಗೇ ಖಾಲಿಯಾಗುತ್ತವೆ.

ಬಾಂಬರ್, ಸೈಲೋ, ಸಬ್‌ಮರೀನ್

ಬಾಂಬರ್ ಅಡ್ವಾನ್ಸ್ಡ್ ಫ್ಲೈಟ್‌ನಲ್ಲಿ ಬರುತ್ತದೆ, ಸೈಲೋ ರಾಕೆಟ್ರಿಯಲ್ಲಿ. ಇವೆರಡೂ ಆಟಂ ಯುಗದವು, ಫಿಷನ್ ಜೊತೆಗೇ ಸಿಗುತ್ತವೆ. ನ್ಯೂಕ್ಲಿಯರ್ ಸಬ್‌ಮರೀನ್ ಬರುವುದು ಟೆಲಿಕಮ್ಯುನಿಕೇಷನ್ಸ್‌ನಲ್ಲಿ, ಒಂದು ಯುಗ ಮುಂದೆ. ಜೆಟ್ ಬಾಂಬರ್ ಕೂಡ ಆಚೆಯದೇ, ಸ್ಟೆಲ್ತ್ ಟೆಕ್ನಾಲಜಿ ಬೇಕು. ಕೊನೆಯ ಎರಡನ್ನು ಕಾಯುವುದು ನನಗೆ ಒಪ್ಪಿಗೆಯಿಲ್ಲ.

ಸೈಲೋ ಕಟ್ಟುವುದು ಮಿಲಿಟರಿ ಎಂಜಿನಿಯರ್, ನಿಮ್ಮ ನೆಲದಲ್ಲಿ. ಸಣ್ಣ ಬಾಂಬ್ 12 ಟೈಲ್ ದೂರ ಹೋಗುತ್ತದೆ, ದೊಡ್ಡದು 15. ವಿಮಾನದ ಖರ್ಚಿಲ್ಲ, ಅಲ್ಯೂಮಿನಿಯಂ ಬೇಡ, ದಾರಿಯಲ್ಲಿ ಫೈಟರ್ ವಿಮಾನದ ಭಯವಿಲ್ಲ. ನೆರೆಯವರನ್ನು ಮುಗಿಸಲು ಇದಕ್ಕಿಂತ ಸರಳ ಇಲ್ಲ. ಕೊರತೆ ಅಂದರೆ ಸೈಲೋ ಕದಲುವುದಿಲ್ಲ. ಬೇರೆ ಖಂಡದಲ್ಲಿರುವ ರಾಜಧಾನಿಗೆ 12 ಟೈಲ್ ಏನೇನೂ ಸಾಲದು. ಗೆದ್ದ ನಗರದ ನೆಲದಲ್ಲಿ ಹೊಸ ಸೈಲೋ ಕಟ್ಟುತ್ತಾ ಕಪ್ಪೆಯಂತೆ ಕುಪ್ಪಳಿಸಿ ಮುಂದೆ ಹೋಗಬಹುದು, ಆದರೆ ಪ್ರತಿ ಕುಪ್ಪಳಕ್ಕೂ ಎಂಜಿನಿಯರ್ ಹೊತ್ತು ಹೋಗಬೇಕು.

ಬಾಂಬರ್‌ನ ದೂರ 10, ಕಾಗದದ ಮೇಲೆ ಸೈಲೋಗಿಂತ ಕಡಿಮೆ. ಆದರೆ ಅದು ನೆಲೆ ಬದಲಿಸುತ್ತದೆ. ಏರೋಡ್ರೋಮ್, ಎಂಜಿನಿಯರ್ ಕಟ್ಟಿದ ಏರ್‌ಸ್ಟ್ರಿಪ್, ವಿಮಾನವಾಹಕ ನೌಕೆ, ಎಲ್ಲಿ ಬೇಕಾದರೂ ಕೂರುತ್ತದೆ. ಬಾಂಬ್ ಮುಗಿದ ಮೇಲೂ ಸಾಮಾನ್ಯ ಬಾಂಬರ್ ಆಗಿ ದುಡಿಯುತ್ತದೆ, ಅದೇ ಸೈಲೋ ಬಾಂಬ್ ಇಲ್ಲದಿದ್ದರೆ ಬರೀ ಗುಂಡಿ. ಎದುರಾಳಿಯ ಹತ್ತಿರ ಫೈಟರ್, ವಿಮಾನನಾಶಕ ಪಡೆ ಚೆನ್ನಾಗಿದ್ದರೆ ಬಾಂಬರ್ ದಾರಿಯಲ್ಲೇ ಏಟು ತಿನ್ನಬಹುದು. ಕಂಪ್ಯೂಟರ್ ಆಟಗಾರರಲ್ಲಿ ಅಂಥವರು ವಿರಳ, ಆದರೂ ಮೊದಲ ಬಾಂಬಿಗೆ ಮೊದಲು ಬೇಹುಗಾರಿಕೆ ಮಾಡಿ.

ಒಂದೇ ಖಂಡದ ಮ್ಯಾಪಿಗೆ ಎರಡು ಸೈಲೋ ಮತ್ತು ಎರಡು ಬಾಂಬರ್. ದ್ವೀಪಗಳ ಮ್ಯಾಪಿಗೆ ಸೈಲೋ ಬಿಟ್ಟು ಪೂರ್ತಿ ವಿಮಾನವಾಹಕ ನೌಕೆಯ ಮೇಲೆ. ದ್ವೀಪಗಳಲ್ಲಿ ಒಂದು ಸುಖವಿದೆ: ಡೆಸ್ಟ್ರಾಯರ್ ನೌಕೆ ಕರಾವಳಿ ನಗರಗಳನ್ನು ತಾನೇ ಹಿಡಿಯಬಲ್ಲದು, ಅದು ಸಿಗುವುದು ಯುರೇನಿಯಂ ತೋರಿಸುವ ಅದೇ ಕಂಬೈನ್ಡ್ ಆರ್ಮ್ಸ್‌ನಲ್ಲಿ. ನೌಕೆಯಿಂದ ಬಾಂಬರ್, ಬಾಂಬಿನ ಬೆನ್ನಿಗೆ ಡೆಸ್ಟ್ರಾಯರ್. ಟ್ಯಾಂಕ್ ಇಳಿಸುವ ತಾಪತ್ರಯವೇ ಇಲ್ಲ. ಸಮುದ್ರದಂಚಿನ ರಾಜಧಾನಿಗಳು ಇಷ್ಟು ಸುಲಭದಲ್ಲಿ ಬೀಳುತ್ತವೆ ಅಂದರೆ ಒಮ್ಮೊಮ್ಮೆ ಎದುರಾಳಿ ಮೇಲೆ ಕನಿಕರ ಬರುತ್ತದೆ.

ಹಿಡಿದದ್ದು ಉಳಿಯಬೇಕಲ್ಲ

ಡಾಮಿನೇಷನ್, ಅಂದರೆ ಯುದ್ಧದಿಂದ ಬರುವ ಗೆಲುವಿಗೆ ಬೇಕಾದ್ದು ಎಲ್ಲ ದೇಶಗಳ ಮೂಲ ರಾಜಧಾನಿಗಳು, ಅವು ನಿಮ್ಮ ಕೈಯಲ್ಲಿ ಇರಬೇಕು. ರಾಜಧಾನಿ ಒಂದನ್ನೇ ಕಿತ್ತುಕೊಳ್ಳುವುದು ಒಂದು ದಾರಿ, ಸುತ್ತಲಿನ ನಗರಗಳನ್ನೂ ಮೆತ್ತಗೆ ಮಾಡುವುದು ಇನ್ನೊಂದು. ಮೊದಲನೆಯದು ಅಗ್ಗ, ಆದರೆ ಲಾಯಲ್ಟಿ, ಅಂದರೆ ನಗರದ ಜನರ ನಿಷ್ಠೆ, ಕೈಕೊಡುತ್ತದೆ. ಒಂಬತ್ತು ಟೈಲ್ ಒಳಗಿನ ನಗರಗಳ ಜನಸಂಖ್ಯೆ ನಿಮ್ಮ ಹೊಸ ನಗರವನ್ನು ಎಳೆಯುತ್ತದೆ. ಬಾಂಬ್ ಬಿದ್ದು ಜನ ಸತ್ತ ರಾಜಧಾನಿ ಆ ಎಳೆತಕ್ಕೆ ಸುಲಭದ ತುತ್ತು, ಕೆಲವೇ ಟರ್ನ್‌ಗಳಲ್ಲಿ ಬಂಡೆದ್ದು ಸ್ವತಂತ್ರವಾಗಿಬಿಡುತ್ತದೆ.

ಪರಿಹಾರ ಎರಡು. ಹಿಡಿದ ಕೂಡಲೇ ಅಲ್ಲಿಗೆ ಒಬ್ಬ ಗವರ್ನರ್ ಕಳಿಸಿ, ಅವನಿಂದಲೇ 8 ಲಾಯಲ್ಟಿ. ಅದು ಸಾಲದಿದ್ದರೆ, ಎಳೆಯುತ್ತಿರುವ ಪಕ್ಕದ ದೊಡ್ಡ ನಗರದ ಮೇಲೆ ಎರಡನೇ ಬಾಂಬ್. ಅಲ್ಲೂ ಜನ ಕಡಿಮೆಯಾದರೆ ಎಳೆತವೂ ಕಡಿಮೆಯಾಗುತ್ತದೆ, ಆ ನಗರವನ್ನು ಹಿಡಿಯದಿದ್ದರೂ ಪರವಾಗಿಲ್ಲ. ಹಾಗಾಗಿ ಒಂದು ರಾಜಧಾನಿಗೆ ಒಂದು ಬಾಂಬ್ ಅನ್ನುವ ಲೆಕ್ಕ ಹಾಕಬೇಡಿ, ಒಂದೂವರೆ ಅಂತ ಇಟ್ಟುಕೊಳ್ಳಿ. ಏಳು ರಾಜಧಾನಿಗೆ ಹತ್ತು ಹನ್ನೊಂದು ಬಾಂಬ್, ನೂರರ ಮೇಲೆ ಯುರೇನಿಯಂ.

ಎಲ್ಲವನ್ನೂ ಒಂದೇ ಟರ್ನ್‌ನಲ್ಲಿ ಹೊಡೆಯುವ ಕನಸು ಎಲ್ಲರಿಗೂ ಇರುತ್ತದೆ. ನಾನು ಒಂದು ಸಲ ಮಾತ್ರ ಪ್ರಯತ್ನಿಸಿದ್ದೇನೆ, ನಾಲ್ಕು ದೇಶಗಳ ಸಣ್ಣ ಮ್ಯಾಪಿನಲ್ಲಿ, ಅದೂ ಮೂರನೇ ರಾಜಧಾನಿ ಮುಂದೆ ಟ್ಯಾಂಕ್ ಒಂದು ಟೈಲ್ ಹಿಂದೆ ನಿಂತುಬಿಟ್ಟಿತು. ಎಂಟು ದೇಶಗಳ ಆಟದಲ್ಲಿ ಇಬ್ಬಿಬ್ಬರನ್ನೇ ತೆಗೆದುಕೊಳ್ಳಿ: ಅಣುಶಕ್ತಿ ಇರುವ ಇಬ್ಬರು, ಆಮೇಲೆ ಅವರ ನೆರೆಯ ಇಬ್ಬರು. ಕೊನೆಯವನಾಗಿ ಉಳಿಸಿಕೊಳ್ಳಬೇಕಾದ್ದು ಸಮುದ್ರದಂಚಿನಲ್ಲಿ ರಾಜಧಾನಿ ಇರುವ, ಇಡೀ ಆಟದುದ್ದಕ್ಕೂ ನಿಮ್ಮ ಜೊತೆ ವ್ಯಾಪಾರ ಮಾಡಿದ ಆ ಒಳ್ಳೆಯ ಸ್ನೇಹಿತನನ್ನು. ಅವನ ಸ್ನೇಹದ ಗಡುವು ಯಾವ ಟರ್ನ್‌ಗೆ ಮುಗಿಯುತ್ತದೆ ಅಂತ ಚೀಟಿಯಲ್ಲಿ ಬರೆದಿದ್ದೀರಿ ತಾನೇ?